ಕ್ಯೂಎ ಪಾಸ್, ಯುಎಟಿ ಫೇಲ್: ಎರಡೂ ಸರೀನೇ

ಸಾಫ್ಟ್‌ವೇರ್ ಕೆಲಸದಲ್ಲಿ ಕ್ಯೂಎಗೂ (ಕ್ವಾಲಿಟಿ ಅಶ್ಯೂರೆನ್ಸ್, ಗುಣಮಟ್ಟ ಕಾಯೋದು) ಯುಎಟಿಗೂ (ಯೂಸರ್ ಅಕ್ಸೆಪ್ಟೆನ್ಸ್ ಟೆಸ್ಟಿಂಗ್, ಬಳಸೋರೇ ನೋಡಿ ಒಪ್ಪೋ ಪರೀಕ್ಷೆ) ಏನು ವ್ಯತ್ಯಾಸ ಅಂತ ಇಂಟರ್ವ್ಯೂಲಿ ಕೇಳೋದನ್ನ ನಾನು ಬಿಟ್ಬಿಟ್ಟಿದೀನಿ, ಯಾಕಂದ್ರೆ ಎಲ್ರೂ ಒಂದೇ ಉತ್ತರ ಬಾಯಿಪಾಠ ಮಾಡ್ಕೊಂಡು ಬರ್ತಾರೆ. ಕ್ಯೂಎ ಅಂದ್ರೆ ಕಂಪನಿ ಒಳಗೆ ಟೆಸ್ಟಿಂಗ್ ಟೀಮ್ ಮಾಡೋದು, ಯುಎಟಿ ಅಂದ್ರೆ ಕೊನೇಲಿ ಕ್ಲೈಂಟ್ ಮಾಡೋದು, ಆಮೇಲೆ ಗೋ-ಲೈವ್, ಅಂದ್ರೆ ಜನರ ಬಳಕೆಗೆ ಬಿಡೋದು. ತಪ್ಪೇನಿಲ್ಲ, ಮಾರ್ಕ್ಸ್ ಕೊಡಬಹುದು. ಆದ್ರೆ ಆ ಉತ್ತರ ಕೇಳಿದ್ರೆ ಎರಡೂ ಒಂದೇ ಕೆಲಸ, ಮಾಡೋ ಜನ ಬೇರೆ, ಡೇಟ್ ಬೇರೆ, ಅಷ್ಟೇ ಅನ್ನೋ ಹಾಗಿರತ್ತೆ. ಅದಕ್ಕೆ ನಾನೀಗ ಬೇರೆ ಥರ ಕೇಳ್ತೀನಿ: ಕ್ಯೂಎಲಿ ಪಾಸ್ ಆದ ಟೆಸ್ಟ್ ಕೇಸೇ (ಹೀಗೆ ಮಾಡಿದ್ರೆ ಹೀಗಾಗ್ಬೇಕು ಅಂತ ಬರೆದಿಟ್ಟ ಪರೀಕ್ಷೆ) ಯುಎಟಿಲಿ ಫೇಲ್ ಆಗಿದ್ದು ಯಾವಾಗ್ಲಾದ್ರೂ ನೋಡಿದೀರಾ, ಸಾಫ್ಟ್‌ವೇರ್‌ನಲ್ಲಿ ಒಂದು ಲೈನೂ ಬದಲಾಗಿರ್ಲಿಲ್ಲ, ಹಾಗಾದ್ರೆ ತಪ್ಪು ಎಲ್ಲಿತ್ತು? ತುಂಬ ಜನ 'ಎನ್ವಿರಾನ್ಮೆಂಟ್ ಇಶ್ಯೂ ಇರ್ಬೇಕು ಮೇಡಂ' ಅಂತಾರೆ, ಅಂದ್ರೆ ಓಡಿಸಿದ ಕಂಪ್ಯೂಟರೋ ಸೆಟ್ಟಿಂಗೋ ಬೇರೆ ಇತ್ತು ಅಂತ. ಆಗತ್ತೆ, ಅದೂ ಆಗತ್ತೆ. ಆದ್ರೆ ನಾನು ಕೇಳ್ತಿರೋದು ಅದಲ್ಲ.

ಮೊದ್ಲು ಕ್ಯೂಎ ವಿಷಯ ಹೇಳ್ತೀನಿ. ಬೆಂಗಳೂರಲ್ಲಿ ಕ್ಯೂಎ ಅಂದ್ರೆ ಟೆಸ್ಟರ್ ಅಂತಾನೇ ಲೆಕ್ಕ, ನಾನೂ ನೆಂಟರ ಮದುವೆ ಮನೇಲಿ ಯಾರಾದ್ರೂ ಕೇಳಿದ್ರೆ ಹಾಗೇ ಹೇಳಿ ಮುಗಿಸ್ತೀನಿ. ಆದ್ರೆ ಟೆಸ್ಟ್ ಮಾಡೋದು ಆ ಕೆಲಸದ ಒಂದು ತುಂಡು ಮಾತ್ರ. ಉಳಿದಿದ್ದೆಲ್ಲ ಬಿಲ್ಡ್ (ಓಡಿಸಿ ನೋಡಕ್ಕೆ ರೆಡಿಯಾದ ಸಾಫ್ಟ್‌ವೇರ್) ಕೈಗೆ ಬರೋಕ್ ಮುಂಚೇನೇ ನಡೀಬೇಕಾದ್ದು. ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್ (ಸಾಫ್ಟ್‌ವೇರ್ ಏನೇನು ಮಾಡ್ಬೇಕು ಅಂತ ಬರೆದಿರೋದು) ಓದಿ ಎಲ್ಲಿ ಎರಡರ್ಥ ಬರತ್ತೋ ಅಲ್ಲಿ ಕೈ ಎತ್ತೋದು, ರಿವ್ಯೂ ಆಗದ ಕೋಡ್ ಮುಖ್ಯ ಕೋಡಿಗೆ ಸೇರದ ಹಾಗೆ ತಡೆ ಹಾಕೋದು, 'ಮುಗೀತು' ಅಂದ್ರೆ ಏನು ಅಂತ ಮೊದಲೇ ಒಪ್ಪಂದ ಮಾಡ್ಕೊಳೋದು, ಒಂದೇ ಥರದ ಬಗ್ ಮತ್ತೆ ಮತ್ತೆ ಬರ್ತಿದ್ರೆ ಅದು ಹುಟ್ತಿರೋ ಜಾಗ ಹುಡುಕೋದು. ಟೆಸ್ಟಿಂಗ್ ಆಗಿರೋ ತಪ್ಪನ್ನ ಹಿಡಿಯತ್ತೆ, ಕ್ಯೂಎ ಆ ತಪ್ಪು ಹುಟ್ಟೋದನ್ನೇ ಕಮ್ಮಿ ಮಾಡಕ್ಕೆ ನೋಡತ್ತೆ. ನಮ್ಮಲ್ಲಿ ಎಷ್ಟೋ ಕಂಪನಿಗಳು ಬೋರ್ಡ್ ಕ್ಯೂಎ ಅಂತ ಹಾಕಿ ಸ್ಪ್ರಿಂಟಿನ (ಕೆಲವು ವಾರದ ಕೆಲಸದ ಕಂತಿನ) ಕೊನೇ ದಿನ ಸಂಜೆ ಆರಕ್ಕೆ ಬಿಲ್ಡ್ ಕೊಟ್ಟು 'ಒಂದು ಸಲ ನೋಡ್ಬಿಡಿ' ಅಂತಾರಲ್ಲ, ಅದು ಕ್ಯೂಎ ಅಲ್ಲ, ಟೆಸ್ಟಿಂಗೂ ಸರಿಯಾಗಿ ಅಲ್ಲ.

ಈಗ ನಾನು ಕೆಲಸ ಮಾಡಿದ ಒಂದು ಪ್ರಾಜೆಕ್ಟನ್ನೇ ತಗೊಳ್ತೀನಿ, ಕಂಪನಿ ಹೆಸರು ಬೇಡ, ಊರ ಹೆಸರೂ ಬೇಡ, ತುಮಕೂರು ಕಡೆ ಹಳ್ಳಿಗಳ ಹಾಲಿನ ಡೈರಿಗಳಿಗೆ ಮಾಡಿದ್ದು. ಬೆಳಿಗ್ಗೆ ಸಂಜೆ ರೈತರು ಕ್ಯಾನ್ ತರ್ತಾರೆ, ಹಾಲು ತೂಗ್ತಾರೆ, ಸ್ಯಾಂಪಲ್ ಮೆಷೀನಿಗೆ ಇಡ್ತಾರೆ, ಫ್ಯಾಟ್ ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ಬರತ್ತೆ, ಅದರ ಮೇಲೆ ರೇಟು, ಚೀಟಿ ಪ್ರಿಂಟು, ಆಮೇಲೆ ಬಟವಾಡೆ. ಕೇಳಕ್ಕೆ ಸಲೀಸು. ಡಾಕ್ಯುಮೆಂಟ್ ರಿವ್ಯೂಲೇ ಸಿಕ್ಕ ಒಂದು ವಿಷ್ಯ ಹೇಳ್ತೀನಿ ನೋಡಿ. ಮೆಷೀನ್ ಫ್ಯಾಟನ್ನ ಪಾಯಿಂಟ್ ಆದ್ಮೇಲೆ ಎರಡಂಕಿ ಕೊಡತ್ತೆ, ರೇಟ್ ಚಾರ್ಟಿನಲ್ಲಿ ಒಂದೇ ಅಂಕಿ. 3.45 ಬಂದ್ರೆ 3.4ರ ರೇಟಾ 3.5ರ ರೇಟಾ? ಡಾಕ್ಯುಮೆಂಟಲ್ಲಿ ಅದರ ಸುದ್ದೀನೇ ಇಲ್ಲ. ಡೆವಲಪರ್‌ನ ಕೇಳಿದ್ರೆ ರೌಂಡ್ ಫಂಕ್ಷನ್ (ಹತ್ತಿರದ ಅಂಕಿಗೆ ಸೇರಿಸೋದು) ಹಾಕ್ತೀನಿ ಅಂದ, ಮೇಲಿನ ಆಫೀಸಿನ ಲೆಕ್ಕದೋರ್ನ ಕೇಳಿದ್ರೆ 'ಎರಡನೇ ಅಂಕಿ ಲೆಕ್ಕಕ್ಕಿಲ್ಲ, ಬಿಟ್ಬಿಡೋದು' ಅಂದ್ರು. ಲೀಟರಿಗೆ ಪೈಸೆ ಲೆಕ್ಕ ಅನ್ಸತ್ತೆ, ಆದ್ರೆ ದಿನಕ್ಕೆರಡು ಹೊತ್ತು, ಊರಿನ ಅಷ್ಟೂ ಮೆಂಬರು, ಅಷ್ಟೂ ಊರು ಅಂತ ಕೂಡಿಸ್ತಾ ಹೋಗಿ. ಇದು ಪಕ್ಕಾ ಕ್ಯೂಎ ಕೆಲಸ, ಒಂದು ಲೈನ್ ಕೋಡ್ ಬರೆಯೋಕ್ ಮುಂಚೆ ಸಿಕ್ತು, ಯಾರಿಗೂ ನಷ್ಟ ಆಗ್ಲಿಲ್ಲ. ಇದನ್ನ ಯುಎಟಿಲಿ ಯಾರೂ ಹಿಡೀತಿರ್ಲಿಲ್ಲ ಅಂತ ನನಗೆ ಗ್ಯಾರಂಟಿ, ಕ್ಯೂನಲ್ಲಿ ನಿಂತೋರು ಯಾರು ಪಾಯಿಂಟ್ ಆದ್ಮೇಲಿನ ಎರಡನೇ ಅಂಕಿ ನೋಡ್ತಾರೆ.

ಆಮೇಲೆ ಬಿಲ್ಡ್ ಬಂತು, ಟೆಸ್ಟ್ ಮಾಡಿದ್ವಿ, ಬಗ್ಗುಗಳು ಬಂದ್ವು ಹೋದ್ವು, ಕೊನೆಗೆ ಎಲ್ಲ ಹಸಿರು. ರಿಪೋರ್ಟ್ ಮೇಲ್ ಹೋಯ್ತು. ಯುಎಟಿ ಮಾಡಕ್ಕೆ ಮೊದ್ಲು ಮೇಲಿನ ಆಫೀಸಲ್ಲೇ ಮಾಡೋಣ ಅಂತಿದ್ರು, ಎಸಿ ರೂಮಲ್ಲಿ ಪ್ರೊಜೆಕ್ಟರ್ ಹಾಕಿ, ಕಾಫಿ ಬಿಸ್ಕೆಟ್ ಜೊತೆ. ನಮ್ಮ ಬಿಎ (ಬಿಸಿನೆಸ್ ಅನಲಿಸ್ಟ್, ಕ್ಲೈಂಟಿಗೆ ಏನು ಬೇಕು ಅಂತ ಕೇಳಿ ಬರ್ಕೊಳೋರು) ಒಬ್ಳು ಹಠ ಹಿಡಿದು ಡೈರಿಲೇ ಮಾಡ್ಬೇಕು, ಅದೂ ಹಾಲು ಹಾಕೋ ಟೈಮಲ್ಲೇ ಮಾಡ್ಬೇಕು ಅಂದ್ಳು. ಆಕೆ ಬಾಯಿಗೆ ಸಕ್ಕರೆ ಹಾಕ.

ಆರು ಗಂಟೆ ಬೆಳಿಗ್ಗೆ. ಒಂದು ಸಣ್ಣ ರೂಮು, ನೆಲ ಪೂರ್ತಿ ಒದ್ದೆ, ಡೈರಿ ಸೆಕ್ರೆಟರಿ ಕೈಯೂ ಒದ್ದೆ, ಟೇಬಲ್ ಮೇಲಿನ ಮೌಸಿಗೆ ಯಾರೋ ಪ್ಲಾಸ್ಟಿಕ್ ಕವರ್ ಹಾಕಿ ರಬ್ಬರ್ ಬ್ಯಾಂಡ್ ಬಿಗಿದಿದಾರೆ. ಹೊರಗೆ ಸಾಲು ರಸ್ತೆವರೆಗೆ ಹೋಗಿದೆ. ಸ್ಕೂಲ್ ಯೂನಿಫಾರ್ಮ್ ಹಾಕ್ಕೊಂಡ ಹುಡುಗ ಒಬ್ಬ ಕ್ಯಾನ್ ಇಟ್ಟು ಅಪ್ಪನ ಕೋಡ್ ನಂಬರ್ ಕೂಗಿದ. ಸೆಕ್ರೆಟರಿ ಬಲಗೈಲಿ ನಂಬರ್ ಪ್ಯಾಡ್ ಮಾತ್ರ ಮುಟ್ತಾರೆ, ಕಣ್ಣು ತಕ್ಕಡಿ ಮೇಲೆ, ಸ್ಕ್ರೀನ್ ನೋಡೋದೇ ಇಲ್ಲ. ನಂಬರ್ ಒತ್ತಿ ಎಂಟರ್ ಹೊಡೆದ್ರು. ನಮ್ಮ ಸಾಫ್ಟ್‌ವೇರು 'ಖಚಿತಪಡಿಸುವಿರಾ?' ಅಂತ ಒಂದು ಡಬ್ಬ ತೆರೀತು, ಹೌದು ಅಲ್ಲ ಅಂತ ಎರಡು ಬಟನ್. ಅದಕ್ಕೆ ಮೌಸ್ ಬೇಕು. ಮೌಸಿಗೆ ಕವರ್ರು.

ನಮ್ಮ ಆಫೀಸಲ್ಲಿ ಆ ಡಬ್ಬ ಬರ್ಲೇಬೇಕು ಅಂತ ಟೆಸ್ಟ್ ಕೇಸಿತ್ತು, ಬಂತು, ಪಾಸ್.

ಅದು ಸಣ್ಣದು, ಕೀಬೋರ್ಡ್ ಶಾರ್ಟ್‌ಕಟ್ ಹಾಕಿದ್ರೆ ಮುಗೀತು. ದೊಡ್ಡದು ಮುಂದೆ ಬಂತು. ಡಾಕ್ಯುಮೆಂಟಲ್ಲಿ ಏನಿತ್ತು ಅಂದ್ರೆ ಮೆಂಬರ್ ನಂಬರ್, ಆಮೇಲೆ ತೂಕ, ಆಮೇಲೆ ಫ್ಯಾಟ್, ಸೇವ್, ಮುಂದಿನ ಮೆಂಬರ್. ಮೇಲಿನ ಆಫೀಸಿನೋರು ಹೇಳಿದ್ದೂ ಹಾಗೇ. ಅಲ್ಲಿ ನೋಡಿದ್ರೆ ತೂಕ ಚಕಚಕ ಅಂತ ಹೋಗತ್ತೆ, ಮೆಷೀನ್ ಮಾತ್ರ ಒಂದೊಂದು ಸ್ಯಾಂಪಲ್ಲಿಗೂ ತನ್ನ ಟೈಮ್ ತಗೊಳತ್ತೆ, ಹಾಗಾಗಿ ಮೊದಲನೇವ್ರ ಫ್ಯಾಟ್ ಬರೋ ಹೊತ್ತಿಗೆ ಮೂರು ನಾಕು ಜನರ ತೂಕ ಆಗಿ ಸ್ಯಾಂಪಲ್ ಕಪ್ಪುಗಳು ಸಾಲಾಗಿ ಕೂತಿರತ್ತೆ, ಅಲ್ಲಿ ಸ್ಯಾಂಪಲ್ ನೋಡೋ ಹುಡುಗನ್ನೂ ಟೆಸ್ಟರ್ ಅಂತಾನೇ ಕರೀತಾರೆ (ಅವ್ನ ಕೆಲಸಕ್ಕೆ ನನ್ನ ಕೆಲಸಕ್ಕಿಂತ ಮರ್ಯಾದೆ ಜಾಸ್ತಿ ಇದೆ, ಅದು ಬೇರೆ ವಿಷ್ಯ), ಅವನು ಕಪ್ಪಿನ ಮೇಲೆ ನಂಬರ್ ನೋಡಿ ಕೂಗ್ತಾನೆ, ಸೆಕ್ರೆಟರಿ ಆ ನಂಬರಿಗೆ ಹಾಕ್ಕೊಳ್ತಾರೆ. ನಮ್ಮ ಸ್ಕ್ರೀನು ಒಬ್ಬರದ್ದು ಮುಗಿಯೋವರ್ಗೂ ಇನ್ನೊಬ್ಬರನ್ನ ಒಳಗೆ ಬಿಡಲ್ಲ. ಹತ್ತು ನಿಮಿಷಕ್ಕೆ ಹೊರಗೆ ಸಾಲಲ್ಲಿ ಗಲಾಟೆ ಶುರು. ಸೆಕ್ರೆಟರಿ ಸಮಾಧಾನದ ಮನುಷ್ಯ, ಹಳೇ ನೋಟ್‌ಬುಕ್ ತೆಗೆದು ಪಕ್ಕದಲ್ಲಿಟ್ಕೊಂಡು 'ಮೇಡಮ್ಮೋರೆ, ನಿಮ್ದು ಚೆಂದಾಗೈತೆ, ಆದ್ರೆ ಇದ್ರಾಗೆ ಹಾಲು ಅಳಿಯಕ್ಕಾಗಕಿಲ್ಲ' ಅಂದ್ರು.

ತಪ್ಪುಗಳನ್ನ ಬರೆದಿಡೋ ನಮ್ಮ ಡಿಫೆಕ್ಟ್ ಟೂಲಲ್ಲಿ ಆ ಮಾತಿಗೆ ಜಾಗಾನೇ ಇಲ್ಲ. ಎಕ್ಸ್‌ಪೆಕ್ಟೆಡ್ ರಿಸಲ್ಟ್ ಏನು ಅಂತ ಬರೀಲಿ? ಎಕ್ಸ್‌ಪೆಕ್ಟೆಡ್ಡೂ ಆಕ್ಚುವಲ್ಲೂ ಒಂದೇ.

ಇಲ್ಲೇ ನನ್ನ ವಾದ ಇರೋದು. ಬರ್ಕೊಟ್ಟಿದ್ದನ್ನ ಸರಿಯಾಗಿ ಮಾಡಿದೀರಾ ಅಂತ ಕ್ಯೂಎ ಕೇಳತ್ತೆ. ನೀವು ಬರ್ಕೊಂಡಿದ್ದೇ ನಮ್ಮ ಕೆಲಸಕ್ಕೆ ಸರಿಹೋಗತ್ತಾ ಅಂತ ಯುಎಟಿ ಕೇಳತ್ತೆ. ಡಾಕ್ಯುಮೆಂಟ್ ಕ್ಯೂಎಗೆ ಅಳತೆಗೋಲು, ಯುಎಟಿಗೆ ಡಾಕ್ಯುಮೆಂಟೂ ಆರೋಪಿಗಳಲ್ಲಿ ಒಬ್ಬ. ವೆರಿಫಿಕೇಷನ್ ವ್ಯಾಲಿಡೇಷನ್ ಅಂತ ಕಾಲೇಜಲ್ಲಿ ಎರಡು ಮಾರ್ಕಿನ ಪ್ರಶ್ನೆಗೆ ಓದಿರ್ತೀವಲ್ಲ, ಅದೇ. ವಿ-ಮಾಡೆಲ್ (ಪ್ರತಿ ಹಂತದ ಎದುರಿಗೆ ಅದರ ಪರೀಕ್ಷೆ ಇಟ್ಟು ವಿ ಆಕಾರದಲ್ಲಿ ಬರೆಯೋ) ಚಿತ್ರದಲ್ಲಿ ಎಡಗಡೆ ಮೇಲ್ತುದೀಲಿ ಬಳಕೆದಾರರ ಅಗತ್ಯ, ಬಲಗಡೆ ಮೇಲ್ತುದೀಲಿ ಅಕ್ಸೆಪ್ಟೆನ್ಸ್ ಟೆಸ್ಟ್, ಎರಡಕ್ಕೂ ನಡುವೆ ಒಂದು ನೇರ ಗೆರೆ ಎಳೆದಿರ್ತಾರೆ ನೋಡಿ. ಆ ಗೆರೆ ನಮ್ಮ ಡಾಕ್ಯುಮೆಂಟಿನ ಮೂಲಕ ಹೋಗಲ್ಲ, ಅದರ ಮೇಲಿಂದ ಹಾದು ಹೋಗತ್ತೆ. ಹೀಗಿರೋವಾಗ ಡಾಕ್ಯುಮೆಂಟ್ ನೋಡ್ಕೊಂಡು ಯುಎಟಿ ಸ್ಕ್ರಿಪ್ಟ್ ಬರೆದು ಕ್ಲೈಂಟ್ ಕೈಗೆ ಕೊಟ್ಟು 'ಸ್ಟೆಪ್ 1, ಸ್ಟೆಪ್ 2 ಮಾಡಿ ಪಾಸ್ ಅಂತ ಬರೀರಿ' ಅಂದ್ರೆ ಅದು ಯುಎಟಿ ಹೇಗಾಗತ್ತೆ, ನಮ್ಮ ಕ್ಯೂಎ ಟೆಸ್ಟನ್ನೇ ಅವರ ಕೈಲಿ ಇನ್ನೊಂದ್ಸಲ ಓಡಿಸಿದ ಹಾಗಷ್ಟೇ. ಈಚೆಗೆ ಎಐ ಹತ್ರ ಡಾಕ್ಯುಮೆಂಟ್ ಕೊಟ್ಟು ಟೆಸ್ಟ್ ಕೇಸ್ ಬರೆಸ್ತಾರೆ, ಚೆನ್ನಾಗೇ ಬರಿಯತ್ತೆ, ನಾನೂ ಬರೆಸ್ತೀನಿ, ಆದ್ರೆ ಡಾಕ್ಯುಮೆಂಟಲ್ಲಿ ಸ್ಯಾಂಪಲ್ ಕಪ್ಪಿನ ಸಾಲು ಇಲ್ಲದಿದ್ರೆ ಅದಕ್ಕಾದ್ರೂ ಎಲ್ಲಿಂದ ಗೊತ್ತಾಗ್ಬೇಕು.

ಡೇಟಾ ವಿಷಯಕ್ಕೂ ಒಂದು ಮಾತು. ನಾವು ಟೆಸ್ಟ್ ಮಾಡಿದ್ದು 'ರಾಮ', 'ಸೀತ', 'ಟೆಸ್ಟ್ ಮೆಂಬರ್ 5' ಅಂತ ಯೂನಿಕೋಡಲ್ಲಿ (ಈಗ ಎಲ್ಲ ಕಡೆ ಬಳಸೋ ಅಕ್ಷರ ಪದ್ಧತಿ) ಟೈಪ್ ಮಾಡಿದ ಹೆಸರುಗಳ ಮೇಲೆ. ಡೈರಿಯ ಹಳೇ ಲಿಸ್ಟ್ ನೋಡಿದ್ರೆ ನುಡಿ ಫಾಂಟಿನ ಹಳೇ ಎನ್‌ಕೋಡಿಂಗಲ್ಲಿ ಟೈಪ್ ಮಾಡಿದ್ದು, ನಮ್ಮ ಸ್ಕ್ರೀನಿಗೆ ತಂದ್ರೆ ಹೆಸರು ಇರೋ ಕಡೆಯೆಲ್ಲ ಇಂಗ್ಲಿಷ್ ಅಕ್ಷರ, ಕೊಂಬು ಬಾಲ ಇರೋ ಚಿಹ್ನೆಗಳು. ಕನ್ವರ್ಟರ್ ಹಾಕಿದ್ವಿ, ತೊಂಬತ್ತು ಭಾಗ ಸರಿಹೋಯ್ತು, ಒತ್ತಕ್ಷರದ ಹತ್ರ ಅರ್ಕಾವತ್ತಿನ ಹತ್ರ ಕೈಕೊಡ್ತು. ಆಮೇಲೆ ಚೀಟಿ ಪ್ರಿಂಟರು. ಆ ಥರ್ಮಲ್ ಪ್ರಿಂಟರಿಗೆ ಇಂಗ್ಲಿಷ್ ಅಕ್ಷರ ಕಳಿಸಿದ್ರೆ ಸೀದಾ ಹೊಡಿಯತ್ತೆ, ಕನ್ನಡ ಅದಕ್ಕೆ ಬರಲ್ಲ, ಪೂರ್ತಿ ಚೀಟೀನೇ ಚಿತ್ರ ಮಾಡಿ ಕಳಿಸ್ಬೇಕು, ಚಿತ್ರ ಅಂದ್ರೆ ನಿಧಾನ, ನಿಧಾನ ಅಂದ್ರೆ ಮತ್ತೆ ಸಾಲು ಬೆಳೀತು. ಜೊತೆಗೆ ಊರಲ್ಲಿ ಲಕ್ಷ್ಮಮ್ಮಂದಿರು ಎಷ್ಟೋ ಜನ, ಗಂಡನ ಹೆಸರೋ ಮನೆ ಹೆಸರೋ ಸೇರಿಸದಿದ್ರೆ ಯಾರ ಬಟವಾಡೆ ಯಾರಿಗೆ ಅಂತ ಹೇಳಕ್ಕಾಗಲ್ಲ, ಸರ್ಕಾರ ಲೀಟರ್ ಲೆಕ್ಕದಲ್ಲಿ ಕೊಡೋ ಪ್ರೋತ್ಸಾಹಧನ ನೇರ ಬ್ಯಾಂಕ್ ಅಕೌಂಟಿಗೆ ಹೋಗೋದ್ರಿಂದ ಹೆಸರು ತಪ್ಪಿದ್ರೆ ಜಗಳ ಡೈರಿ ಬಾಗಿಲಿಗೇ ಬರತ್ತೆ. ನಿಜವಾದ ಡೇಟಾ ಇಲ್ದೆ ಮಾಡಿದ ಯುಎಟಿ ಯುಎಟಿ ಅಲ್ಲ ಅಂತ ಅವತ್ತಿಂದ ನಾನು ಪ್ಲಾನಲ್ಲೇ ಬರಿಯೋದು (ಪರ್ಸನಲ್ ಡೇಟಾ ಮರೆಮಾಚಿ, ಅದು ಗೊತ್ತಿರೋದೇ).

ಬಳಕೆದಾರ ಹೇಳಿದ್ದೆಲ್ಲ ವೇದವಾಕ್ಯ ಅಂತಲ್ಲ ಮತ್ತೆ. ಕರೆಂಟ್ ಹೋದಾಗ ಏನಾಯ್ತು ಕೇಳಿ. ಯುಪಿಎಸ್ ಬ್ಯಾಟರಿ ಸತ್ತು ಯಾವ ಕಾಲ ಆಗಿತ್ತೋ, ಅವರು ನೋಟ್‌ಬುಕ್ಕಲ್ಲಿ ಬರ್ಕೊಂಡು ಆಮೇಲೆ ಸಿಸ್ಟಮಿಗೆ ಹಾಕೋದು ವಾಡಿಕೆ. ನಮ್ಮಲ್ಲಿ ಶಿಫ್ಟ್ ಕ್ಲೋಸ್ ಆದ್ಮೇಲೆ ಎಂಟ್ರಿ ತಗೊಳ್ಳಬಾರದು ಅಂತ ನಿಯಮ, ಕ್ಯೂಎಲಿ ಅದಕ್ಕೆ ಪಾಸ್. ಸೆಕ್ರೆಟರಿ ಇದು ಬೇಡ್ವೇ ಬೇಡ, ತೆಗೀರಿ ಅಂದ್ರು. ತೆಗಿಯಕ್ಕೆ ಹೊರಟ್ರೆ ಆಡಿಟ್ ನೋಡೋ ಅಧಿಕಾರಿ ಅಡ್ಡ ಬಂದ್ರು, ಯಾಕಂದ್ರೆ ಶಿಫ್ಟ್ ಮುಗಿದ್ಮೇಲೆ ಇಲ್ಲದ ಹಾಲಿಗೆ ಎಂಟ್ರಿ ಹಾಕೋ ಕಳ್ಳಾಟ ತಡಿಯಕ್ಕೇ ಆ ನಿಯಮ ಬಂದಿದ್ದು. ಅವ್ರೂ ಬಳಕೆದಾರರೇ ತಾನೆ. ಇಬ್ಬರು ಬಳಕೆದಾರರು, ಎರಡು ಕಡೆ ಎಳೀತಾರೆ, ಇಬ್ರದ್ದೂ ಸರಿ. ಕೊನೆಗೆ ತಡವಾದ ಎಂಟ್ರಿ ಹಾಕಬಹುದು, ಆದ್ರೆ ಕಾರಣ ಬರೀಬೇಕು, ಆಡಿಟ್ ರಿಪೋರ್ಟಲ್ಲಿ ಅದು ಬೇರೆ ಬಣ್ಣದಲ್ಲಿ ಕಾಣಬೇಕು ಅಂತ ತೀರ್ಮಾನ ಆಯ್ತು. ಇಂಥ ತೀರ್ಮಾನ ಮಾಡೋ ಅಧಿಕಾರ ಟೆಸ್ಟಿಂಗ್ ಟೀಮಿಗೆ ಇಲ್ಲ, ಇರ್ಲೂಬಾರದು. ಯುಎಟಿಲಿ ಅರ್ಧ ಕೆಲಸ ಇದೇನೇ, ವ್ಯವಹಾರದೋರು ತಮ್ಮತಮ್ಮಲ್ಲೇ ಒಂದು ಮಾತಿಗೆ ಬರೋದು. ಅದಕ್ಕೇ ಕ್ಲೈಂಟ್ ಪರವಾಗಿ ನಮ್ಮ ಕ್ಯೂಎ ಟೀಮೇ ಯುಎಟಿ ಮಾಡಿಕೊಡತ್ತೆ ಅಂತ ಪ್ರೊಪೋಸಲಲ್ಲಿ ಬರೆಯೋದನ್ನ ನೋಡಿದ್ರೆ ನಗು ಬರತ್ತೆ. ನಾನು ಎಷ್ಟೇ ಚೆನ್ನಾಗಿ ಟೆಸ್ಟ್ ಮಾಡಿದ್ರೂ ನಾನು ಯಾರ ಪರವಾಗಿ ಒಪ್ಕೊಳ್ಳಿ?

ಈಗ ಯುಎಟಿಲಿ ಸರಿಯಾಗೇ ತಪ್ಪು ಸಿಕ್ತು, ಆದ್ರೂ ಯಾರೂ ಕೇಳ್ಲಿಲ್ಲ ಅಂದ್ರೆ ಏನಾಗತ್ತೆ? ಇದಕ್ಕೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಆರೋಗ್ಯ ಇಲಾಖೆಯ ಸಂಬಳದ ಸಾಫ್ಟ್‌ವೇರ್ ಕಥೆ ಓದ್ಲೇಬೇಕು, ಟೆಸ್ಟಿಂಗ್ ಫೀಲ್ಡಲ್ಲಿರೋರಿಗೆ ಇದಕ್ಕಿಂತ ಒಳ್ಳೇ ಪಾಠ ಸಿಗಲ್ಲ. ಸುಮಾರು 78,000 ಜನ ನೌಕರರು, ನರ್ಸುಗಳು, ಡಾಕ್ಟರುಗಳು, ಆಸ್ಪತ್ರೆ ಸಿಬ್ಬಂದಿ. ಸಂಬಳದ ಲೆಕ್ಕ ಎಷ್ಟು ಜಟಿಲ ಅಂದ್ರೆ 13 ವೇತನ ನಿಯಮಾವಳಿಗಳು (ಅವಾರ್ಡ್), 200ಕ್ಕೂ ಹೆಚ್ಚು ಥರದ ಭತ್ಯೆ, ಎಲ್ಲ ಸೇರಿ 24,000ಕ್ಕೂ ಹೆಚ್ಚು ಕಾಂಬಿನೇಷನ್ನು. ಲ್ಯಾಟಿಸ್ ಅನ್ನೋ ಹಳೇ ಸಿಸ್ಟಮಿಗೆ ಅದರ ಕಂಪನಿ ಸಪೋರ್ಟ್ ನಿಲ್ಸಿತ್ತು, ಹಾಗಾಗಿ ಬೇಗ ಬದಲಾಯಿಸ್ಬೇಕು ಅನ್ನೋ ಅವಸರ. ಎಸ್‌ಎಪಿ ಮತ್ತೆ ವರ್ಕ್‌ಬ್ರೇನ್ ಅಂತ ಎರಡು ಪ್ಯಾಕೇಜ್ ಜೋಡಿಸಿ ಐಬಿಎಂ ಮಾಡಿಕೊಡೋದು ಅಂತ ಆಯ್ತು, ಶುರೂಲಿ ಆ ಕೆಲಸಕ್ಕೆ ಹೇಳಿದ ಬೆಲೆ ಸುಮಾರು 62 ಲಕ್ಷ ಆಸ್ಟ್ರೇಲಿಯನ್ ಡಾಲರ್.

ಯುಎಟಿ ಮಾಡಕ್ಕೆ ಹೊರಗಿಂದ ಟೆಸ್ಟಿಂಗ್ ಪರಿಣತರನ್ನ ಕರೆಸಿದ್ರು. ಅವರು ತಪ್ಪುಗಳ ರಾಶಿ ಹಾಕಿದ್ರು. ಸೀವಿಯಾರಿಟಿ 1, ಸೀವಿಯಾರಿಟಿ 2 (ತಪ್ಪು ಎಷ್ಟು ಗಂಭೀರ ಅನ್ನೋ ದರ್ಜೆ, 1 ಅಂದ್ರೆ ಅತಿ ಗಂಭೀರ) ಡಿಫೆಕ್ಟ್ ಇರೋವರ್ಗೂ ಮುಂದೆ ಹೋಗಬಾರದು ಅಂತ ಮೊದಲು ಒಪ್ಪಂದ ಇತ್ತು. ಮುಂದೆ ಏನಾಗಿರತ್ತೆ ಅಂತ ಈ ಫೀಲ್ಡಿನೋರಿಗೆ ಹೇಳ್ಬೇಕಾ? ಡಿಫೆಕ್ಟುಗಳು ಸರಿಹೋಗೋ ಬದ್ಲು ಅವುಗಳ ಸೀವಿಯಾರಿಟಿ ಇಳೀತು, 2 ಇದ್ದಿದ್ದು 3 ಆಯ್ತು, ಆಮೇಲೆ ನೋಡ್ಕೊಳೋಣ ಅಂತ ಒಂದು ಪಟ್ಟಿಗೆ ಹೋಯ್ತು. ಹಳೇ ಸಿಸ್ಟಮ್ಮೂ ಹೊಸ ಸಿಸ್ಟಮ್ಮೂ ಜೊತೆಜೊತೆಗೆ ಓಡಿಸಿ ಎಲ್ಲ ನೌಕರರ ಸಂಬಳ ಹೋಲಿಸಿ ನೋಡೋ ಪೂರ್ತಿ ಪ್ಯಾರಲಲ್ ರನ್ ಮಾಡ್ಲಿಲ್ಲ. 2010ರ ಮಾರ್ಚ್ 14ಕ್ಕೆ ಗೋ-ಲೈವ್. ಸಾವಿರಾರು ಜನಕ್ಕೆ ಸಂಬಳ ಕಮ್ಮಿ ಬಂತು, ಕೆಲವರಿಗೆ ಬರ್ಲೇ ಇಲ್ಲ, ಕೆಲವರಿಗೆ ಜಾಸ್ತಿ ಬಂತು, ಆ ಜಾಸ್ತಿ ಬಂದಿದ್ದನ್ನ ವಾಪಸ್ ಕೇಳೋ ಗೋಳು ವರ್ಷಗಟ್ಟಲೆ ನಡೀತು. ಸಂಬಳ ಲೆಕ್ಕ ಮಾಡಕ್ಕೇ ಕೈಯಿಂದ ಕೆಲಸ ಮಾಡೋ ಜನರ ದಂಡೇ ಬೇಕಾಯ್ತು. ಒಟ್ಟು ಖರ್ಚು 120 ಕೋಟಿ ಡಾಲರ್ ಮುಟ್ಟತ್ತೆ ಅಂತ ಅಂದಾಜು ಬಂತು. 2013ರ ವಿಚಾರಣಾ ಆಯೋಗ ಇದನ್ನ ಆ ದೇಶದ ಆಡಳಿತದ ವೈಫಲ್ಯಗಳಲ್ಲಿ ಮುಂದಿನ ಸಾಲಿನದ್ದು, ಬಹುಶಃ ಎಲ್ಲಕ್ಕಿಂತ ಕೆಟ್ಟದ್ದು ಅಂತ ಬರೀತು. ಸರ್ಕಾರ ಐಬಿಎಂ ಮೇಲೆ ಕೇಸ್ ಹಾಕ್ತು, 2015ರಲ್ಲಿ ಸೋತಿತು, ಯಾಕಂದ್ರೆ 2010ರಲ್ಲೇ ಸರ್ಕಾರ ಮಾಡ್ಕೊಂಡಿದ್ದ ಒಂದು ಒಪ್ಪಂದ ಕಂಪನೀನ ಹೊಣೆಯಿಂದ ಬಿಡಿಸಿತ್ತು.

ಇದರಲ್ಲಿ ಯುಎಟಿ ಫೇಲ್ ಆಯ್ತು ಅಂತ ಎಲ್ಲಾದ್ರೂ ಓದಿದ್ರೆ ನಂಬ್ಬೇಡಿ. ಯುಎಟಿ ತನ್ನ ಕೆಲಸ ಮಾಡಿತ್ತು, ಬೇಡ ಅಂತ ಹೇಳಿತ್ತು. ಆ 'ಬೇಡ'ಕ್ಕೆ ಗೋ-ಲೈವ್ ನಿಲ್ಸೋ ತಾಕತ್ತು ಇರ್ಲಿಲ್ಲ. ನಮ್ಮಲ್ಲೂ ಡೇಟ್ ಮೊದಲೇ ಫಿಕ್ಸ್ ಆಗಿ, ಉದ್ಘಾಟನೆಗೆ ಬರೋರ ಹೆಸರು ಕಾರ್ಡಲ್ಲಿ ಅಚ್ಚಾಗಿ, ಆಮೇಲೆ ಯುಎಟಿ ಶುರು ಆಗೋದನ್ನ ನೋಡಿದೀನಿ. ಅಲ್ಲಿ ಯಾರು ಫೇಲ್ ಅಂತ ಬರೀತಾರೆ ಹೇಳಿ.

ಸರಿ, ಹಾಗಂತ ಯುಎಟಿ ಚೆನ್ನಾಗಿ ಮಾಡಿದ್ರೆ ಕ್ಯೂಎಲಿ ಸ್ವಲ್ಪ ಅಡ್ಜಸ್ಟ್ ಮಾಡ್ಬಹುದಾ? ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ ಕಡೆ ನೋಡಿ. 2018ರ ಏಪ್ರಿಲ್‌ನಲ್ಲಿ ಸುಮಾರು 52 ಲಕ್ಷ ಗ್ರಾಹಕರನ್ನ ಹಳೇ ಸಿಸ್ಟಮಿಂದ ಹೊಸ ಪ್ಲಾಟ್‌ಫಾರ್ಮಿಗೆ ಒಂದೇ ವಾರಾಂತ್ಯದಲ್ಲಿ ಸಾಗಿಸಿದ್ರು. ಡೇಟಾ ಏನೋ ಸರಿಯಾಗೇ ಬಂತು, ಆದ್ರೆ ಜನ ಲಾಗಿನ್ ಆಗಕ್ಕೆ ಶುರು ಮಾಡ್ತಿದ್ದ ಹಾಗೆ ಪ್ಲಾಟ್‌ಫಾರ್ಮ್ ಮಲಗ್ತು. ದಿನಗಟ್ಟಲೆ ಲಕ್ಷಾಂತರ ಜನ ತಮ್ಮ ದುಡ್ಡನ್ನೇ ಮುಟ್ಟಕ್ಕಾಗ್ಲಿಲ್ಲ, ಕೆಲವರಿಗೆ ಬೇರೆಯವರ ಅಕೌಂಟ್ ಕಾಣಿಸ್ತು. ಎರಡು ಡೇಟಾ ಸೆಂಟರ್ ಇದ್ವು, ಎರಡೂ ಒಟ್ಟಿಗೆ ಕೆಲಸ ಮಾಡೋ ಹಾಗೆ ಕಟ್ಟಿದ್ದು, ಆದ್ರೆ ಲೋಡ್ ಟೆಸ್ಟ್ (ತುಂಬ ಜನ ಒಟ್ಟಿಗೆ ಬಂದ್ರೆ ತಡೆಯತ್ತಾ ಅನ್ನೋ ಪರೀಕ್ಷೆ) ಮಾಡಿದ್ದು ಒಂದರ ಮೇಲೆ ಮಾತ್ರ ಅಂತ ಆಮೇಲೆ 2019ರ ತನಿಖಾ ವರದೀಲಿ ಬಂತು. 2022ರ ಡಿಸೆಂಬರಲ್ಲಿ ಬ್ಯಾಂಕಿಗೆ 4 ಕೋಟಿ 86 ಲಕ್ಷ ಪೌಂಡ್ ದಂಡ ಬಿತ್ತು.

ಇದನ್ನ ಯಾವ ಯುಎಟಿ ಹಿಡಿಯತ್ತೆ? ಹತ್ತು ಜನ ಬ್ರಾಂಚ್ ಸಿಬ್ಬಂದಿ ಕೂತು ಹಣ ವರ್ಗಾವಣೆ ಮಾಡಿ ನೋಡಿ 'ಚೆನ್ನಾಗಿದೆ' ಅಂದಿರ್ತಾರೆ, ಹತ್ತು ಜನಕ್ಕೆ ಚೆನ್ನಾಗೇ ಇರತ್ತೆ. ಲೋಡ್, ಸೆಕ್ಯುರಿಟಿ, ಒಂದು ಮೆಷೀನ್ ಸತ್ರೆ ಇನ್ನೊಂದು ಕೆಲಸ ಎತ್ಕೊಳ್ಳೋ ಫೇಲೋವರ್, ಹಳೇ ಫೀಚರ್ ಒಡೆದಿಲ್ಲ ಅನ್ನೋ ರಿಗ್ರೆಷನ್, ಇವೆಲ್ಲ ಬಳಕೆದಾರರ ಕಣ್ಣಿಗೆ ಬೀಳದ ಜಾಗಗಳು. ಬಿದ್ದಾಗ ಪ್ರೊಡಕ್ಷನಲ್ಲೇ (ಜನ ನಿಜವಾಗಿ ಬಳಸ್ತಿರೋ ಸಿಸ್ಟಮಲ್ಲೇ) ಬೀಳೋದು. ಹಾಗಾಗಿ ಕ್ಯೂಎ ಅರ್ಧಂಬರ್ಧ ಮಾಡಿ ಯುಎಟಿಗೆ ತಳ್ಳಿದ್ರೆ ಇನ್ನೊಂದು ತೊಂದರೆನೂ ಇದೆ, ಬಳಕೆದಾರರು ಬಂದ ಮೊದಲ ದಿನಾನೇ ಬಟನ್ ಕೆಲಸ ಮಾಡ್ತಿಲ್ಲ, ಪೇಜ್ ತೆರೀತಿಲ್ಲ ಅಂತ ಸಣ್ಣಪುಟ್ಟ ಬಗ್ ಬರೆಯೋದ್ರಲ್ಲೇ ಮುಳುಗಿಹೋಗ್ತಾರೆ, ಅವರಿಗೆ ಮಾತ್ರ ಗೊತ್ತಿರೋ ವಿಷ್ಯ ಹೇಳಕ್ಕೆ ಟೈಮೇ ಸಿಗಲ್ಲ. ಎರಡನೇ ದಿನ ಅವರ ಆಸಕ್ತಿ ಹೋಗಿರತ್ತೆ. ಮೂರನೇ ದಿನ ಅವರ ಜಾಗಕ್ಕೆ ಹೊಸದಾಗಿ ಸೇರಿದ ಟ್ರೈನಿ ಬಂದು ಕೂತಿರ್ತಾನೆ.

ಸಣ್ಣ ಸಣ್ಣ ಸ್ಪ್ರಿಂಟಲ್ಲಿ ಕೆಲಸ ಮಾಡೋ ಅಜೈಲ್ ಪದ್ಧತಿ ಬಂದ್ಮೇಲೆ ಯುಎಟಿ ಬೇಡ, ಪ್ರತಿ ಸ್ಪ್ರಿಂಟಲ್ಲೂ ಪ್ರಾಡಕ್ಟ್ ಓನರ್ (ಏನೇನು ಮಾಡ್ಬೇಕು ಅಂತ ತೀರ್ಮಾನಿಸೋರು) ನೋಡಿ ಒಪ್ಪಿರ್ತಾರಲ್ಲ ಅನ್ನೋರಿದಾರೆ. ಪ್ರಾಡಕ್ಟ್ ಓನರ್ ಒದ್ದೆ ಕೈಲಿ ಟೈಪ್ ಮಾಡೋರಾಗಿದ್ರೆ ನನ್ನ ಅಭ್ಯಂತರ ಇಲ್ಲ. ಸ್ಪ್ರಿಂಟ್ ಡೆಮೋ ಒಳ್ಳೇದೇ, ತಪ್ಪು ಬೇಗ ಗೊತ್ತಾಗತ್ತೆ, ಆದ್ರೆ ಡೆಮೋಲಿ ಮೌಸ್ ಹಿಡಿದಿರೋದು ನಾವು.

ದುಡ್ಡಿನ ವಿಷ್ಯಕ್ಕೆ ಬರೋಣ, ನಿಜವಾದ ಜಗಳ ಅಲ್ಲೇ ಇರೋದು. ಯುಎಟಿಲಿ ಸಿಕ್ಕಿದ್ದನ್ನ ಬಗ್ ಅನ್ನೋದಾ, ಸಿಆರ್ ಅಂದ್ರೆ ಚೇಂಜ್ ರಿಕ್ವೆಸ್ಟ್ ಅನ್ನೋದಾ? ಬಗ್ ಅಂದ್ರೆ ನಮ್ಮ ಖರ್ಚು, ಸಿಆರ್ ಅಂದ್ರೆ ಅವರ ಖರ್ಚು. ಫಿಕ್ಸೆಡ್ ಪ್ರೈಸ್ ಪ್ರಾಜೆಕ್ಟಲ್ಲಿ ಇದಕ್ಕೆ ಮೀಟಿಂಗ್ ಮೇಲೆ ಮೀಟಿಂಗ್. ಡೈರೀದು ನಮ್ಮ ಮ್ಯಾನೇಜರ್ ಪ್ರಕಾರ ನೂರಕ್ಕೆ ನೂರು ಸಿಆರ್, ಡಾಕ್ಯುಮೆಂಟಲ್ಲಿ ಒಬ್ಬರಾದ್ಮೇಲೆ ಒಬ್ಬರು ಅಂತ ಬರೆದಿತ್ತು, ಅವರು ಸೈನ್ ಮಾಡಿದ್ರು. ಅವರ ಪ್ರಕಾರ ಹಾಲು ಅಳಿಯಕ್ಕಾಗದ ಹಾಲಿನ ಸಾಫ್ಟ್‌ವೇರ್ ಯಾರಿಗೆ ಬೇಕು. ನನ್ನನ್ನ ಕೇಳಿದ್ರೆ ಲೆಕ್ಕದಲ್ಲಿ ನಮ್ಮ ಮ್ಯಾನೇಜರ್ ಹೇಳಿದ್ದೇ ಸರಿ, ಆದ್ರೆ ಆ ಡಾಕ್ಯುಮೆಂಟಿಗೆ ಸೈನ್ ಹಾಕಿದೋರು ಡೈರಿಲಿ ಕೂತು ಹಾಲು ಅಳೆದೋರಲ್ಲ. ಅದಕ್ಕೆ ನಾನೀಗ ಪ್ಲಾನಿಂಗ್ ಟೈಮಲ್ಲೇ ಎರಡು ವಿಷ್ಯಕ್ಕೆ ಹಠ ಮಾಡ್ತೀನಿ. ಒಂದು, ಯುಎಟಿ ಸನ್ನಿವೇಶಗಳನ್ನ ಡಿಸೈನಿಗೆ ಮುಂಚೆ, ಆ ಕೆಲಸ ದಿನಾ ಮಾಡೋರ ಬಾಯಿಂದ ಕೇಳಿ ಬರ್ಕೋಬೇಕು, ಆಗ ಕಪ್ಪಿನ ಸಾಲು ಆಗ್ಲೇ ಬರತ್ತೆ, ಬಗ್ಗೋ ಸಿಆರೋ ಅನ್ನೋ ಜಗಳಾನೇ ಹುಟ್ಟಲ್ಲ. ಇನ್ನೊಂದು, ಬಜೆಟ್ಟಲ್ಲಿ ಯುಎಟಿ ಆದ್ಮೇಲಿನ ತಿದ್ದುಪಡಿಗೆ ಅಂತ ದುಡ್ಡು ಟೈಮು ಎರಡೂ ಎತ್ತಿಡ್ಬೇಕು, ಏನೂ ಸಿಗಲ್ಲ ಅಂದ್ಕೊಂಡು ಪ್ಲಾನ್ ಮಾಡೋದಾದ್ರೆ ಯುಎಟಿ ಯಾಕೆ ಬೇಕು.

ಆಪರೇಷನ್ ಕಡೆಯ ಅಕ್ಸೆಪ್ಟೆನ್ಸ್ ಟೆಸ್ಟ್ ಅಂತ ಇನ್ನೊಂದಿದೆ, ಬ್ಯಾಕಪ್ ತಗೊಂಡಿದ್ದು ವಾಪಸ್ ಬರತ್ತಾ, ಮೆಷೀನ್ ಸತ್ರೆ ಎಷ್ಟು ಹೊತ್ತಲ್ಲಿ ಎದ್ದೇಳತ್ತೆ ಅಂತ ನೋಡೋದು. ಹಳ್ಳಿ ಡೈರಿಲಿ ಬ್ಯಾಕಪ್ ಅಂದ್ರೆ ಸೆಕ್ರೆಟರಿ ಜೇಬಲ್ಲಿರೋ ಪೆನ್‌ಡ್ರೈವು. ಅದರ ಬಗ್ಗೆ ಬೇರೆ ಪೋಸ್ಟೇ ಬರೀಬೇಕು.

ಡೈರಿ ಸ್ಕ್ರೀನು ಬದಲಾಯ್ತು, ಎಡಗಡೆ ತೂಕ ಆಗಿ ಕಾಯ್ತಿರೋರ ಪಟ್ಟಿ, ಬಲಗಡೆ ಫ್ಯಾಟ್ ಹಾಕೋ ಜಾಗ, ಎಲ್ಲ ನಂಬರ್ ಪ್ಯಾಡಲ್ಲೇ. ಆದ್ಮೇಲೆ ಒಂದು ಪೂರ್ತಿ ಬಟವಾಡೆ ನೋಟ್‌ಬುಕ್ಕೂ ಸಾಫ್ಟ್‌ವೇರೂ ಜೊತೆಜೊತೆಗೆ ನಡೆಸಿ ಪ್ರತಿ ಮೆಂಬರ್ ಲೆಕ್ಕ ಕೂಡಿಸಿ ನೋಡಿದ್ವಿ. ಕೆಲವು ಕಡೆ ನಮ್ದು ತಪ್ಪಿತ್ತು, ಕೆಲವು ಕಡೆ ನೋಟ್‌ಬುಕ್ಕೇ ತಪ್ಪಿತ್ತು, ಆ ಎರಡನೇದನ್ನ ಒಪ್ಪಿಸಕ್ಕೆ ಮೊದಲನೇದಕ್ಕಿಂತ ಜಾಸ್ತಿ ಹೊತ್ತು ಬೇಕಾಯ್ತು. ಸೆಕ್ರೆಟರಿ ಸೈನ್ ಹಾಕಿದ್ದು ಆಮೇಲೇನೇ, ಅದೂ ಫಾರಂ ಕೆಳಗೆ ತಮ್ಮ ಕೈಬರಹದಲ್ಲಿ 'ಪ್ರಿಂಟರ್ ನಿಧಾನ' ಅಂತ ಬರೆದು. ನಮ್ಮ ಮ್ಯಾನೇಜರ್ ಅದನ್ನ ಹೊಡೆದುಹಾಕ್ಸಿ ಕ್ಲೀನ್ ಸೈನ್ ತರಿಸಿ ಅಂದ್ರು. ನಾನು ಹಾಗೇ ಸ್ಕ್ಯಾನ್ ಮಾಡಿ ಕಳಿಸ್ದೆ, ಕಂಡೀಷನಲ್ ಸೈನ್‌ಆಫ್ (ಷರತ್ತಿನ ಒಪ್ಪಿಗೆ) ಅಂತ ಸಬ್ಜೆಕ್ಟ್ ಲೈನ್ ಹಾಕಿ. ಪ್ರಿಂಟರ್ ವಿಷ್ಯ ಮುಂದಿನ ರಿಲೀಸಿಗೆ ಲಿಸ್ಟಲ್ಲಿದೆ.